ಮೆಕಟ್ರಾನಿಕ್ಸ್ ಅಥವಾ ಅರಿವುಳ್ಳ ಯಂತ್ರ

ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಹೊಲಿಗೆಯ ತರಗತಿಯನ್ನು ಮರೆತವರು ಯಾರೂ ಇರಲಾರರು. ಉದ್ದನೆಯ ಕೊಠಡಿ, ಸಾಲಾಗಿಟ್ಟ ಕಪ್ಪು ಬಣ್ಣದ ಯಂತ್ರಗಳು, ಕಾಲಡಿಯ ಕಬ್ಬಿಣದ ಪೆಡಲು, ದಾರ ತುಂಡಾದೊಡನೆ ಉಪಾಧ್ಯಾಯಿನಿಯವರ ಕಡೆಗೆ ಅಂಜುತ್ತ ನೋಡುತ್ತಿದ್ದ ನಮ್ಮ ಮುಖಗಳು, ಇವೆಲ್ಲವೂ ನೆನೆದೊಡನೆ ಕಣ್ಣೆದುರಿಗೆ ಬರುವುವು. ಆ ಯಂತ್ರವನ್ನು ನಡೆಸಲು ನಾವು ಕಲಿತೆವು. ಅದು ಹೇಗೆ ನಡೆಯುವುದೆಂಬುದನ್ನು ಮಾತ್ರ ಕಲಿಯಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಯಂತ್ರ ಕೆಟ್ಟರೆ ರಿಪೇರಿಯವನು ಬರುವನು, ಅದನ್ನು ಬಿಚ್ಚುವುದು ಅವನ ಕೆಲಸ, ಹೊಲಿಯುವುದು ನಮ್ಮ ಕೆಲಸ, ಎಂದು ನಂಬಿದ್ದೆವು.

ಮೆಕಟ್ರಾನಿಕ್ಸ್ ಎಂಬ ವಿದ್ಯೆಯ ಹೆಸರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೂ ಮಕ್ಕಳ ತಂದೆತಾಯಿಗಳಿಗೂ ಹೊಸದಾಗಿ ಕೇಳಿಸಬಹುದು. ಆದರೆ ಅದರ ಬಾಗಿಲು ಬಹು ದೂರದಲ್ಲಿಲ್ಲ. ಆ ಹೊಲಿಗೆಯ ಕೊಠಡಿಯಲ್ಲಿಯೇ ಇರುವುದು. ಆದುದರಿಂದ ಅಲ್ಲಿಂದಲೇ ಹೊರಡೋಣ.

ಹಳೆಯ ಯಂತ್ರದ ರೀತಿ

ಅಮೆರಿಕದ ಎಲಿಯಾಸ್ ಹೋವ್ ಎಂಬವನು ಎರಡು ದಾರಗಳಿಂದ ಹೊಲಿಯುವ ಯಂತ್ರಕ್ಕೆ ೧೮೪೬ರಲ್ಲಿ ಪೇಟೆಂಟು ಪಡೆದನು. ೧೮೫೧ರಲ್ಲಿ ಐಸಾಕ್ ಸಿಂಗರ್ ಎಂಬವನು ಹೊಲಿಗೆಯ ಯಂತ್ರದಲ್ಲಿ ತಾನು ಮಾಡಿದ ಸುಧಾರಣೆಗಳಿಗಾಗಿ ಇನ್ನೊಂದು ಪೇಟೆಂಟು ಪಡೆದನು. ನಾವು ಶಾಲೆಯಲ್ಲಿ ತುಳಿದ ಯಂತ್ರವು ಮುಖ್ಯಾಂಶಗಳಲ್ಲಿ ಆ ವಂಶದ್ದೇ. ಪೆಡಲನ್ನು ತುಳಿದರೆ ಕೆಳಗಿನ ದೊಡ್ಡ ಚಕ್ರ ತಿರುಗುವುದು. ಬೆಲ್ಟು ಆ ತಿರುಗುವಿಕೆಯನ್ನು ಮೇಲಿನ ಸಣ್ಣ ಚಕ್ರಕ್ಕೆ ಒಯ್ಯುವುದು. ಆ ಚಕ್ರದೊಡನೆ ತಿರುಗುವ ಉಕ್ಕಿನ ದಂಡವೊಂದು ಯಂತ್ರದ ಒಳಗೆ ಅಡಗಿದೆ. ಅದು ಒಂದು ಸುತ್ತು ಸುತ್ತುವಷ್ಟರಲ್ಲಿ ಸೂಜಿಯು ಕೆಳಗಿಳಿದು ಮೇಲೇಳುವುದು; ಕೆಳಗಿನ ಶಟಲಿನ ಕೊಕ್ಕೆಯು ಮೇಲಿನ ದಾರವನ್ನು ಹಿಡಿದು ಬಾಬಿನ್ನಿನ ದಾರದ ಸುತ್ತ ಹಾಯಿಸುವುದು; ಸೂಜಿಯು ಬಟ್ಟೆಯನ್ನು ಬಿಟ್ಟು ಮೇಲೆದ್ದಾಗ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಮುಂದಕ್ಕೆ ಒಯ್ಯುವುವು.

ಈ ಮೂರು ಕೆಲಸಗಳು ಒಂದಕ್ಕೊಂದು ಅಡ್ಡಬಾರದಂತೆ ನಡೆಯಲು ಕಾರಣವೇನು? ಲೋಹದ ಆಕಾರವೇ ಕಾರಣ. ಯಂತ್ರದೊಳಗೆ ಕ್ಯಾಮ್ ಎಂಬ ಬಿಲ್ಲೆಗಳುಂಟು. ಅವುಗಳ ಅಂಚು ಪೂರ್ಣವಾಗಿ ದುಂಡಗಿರದೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಾಗಿರುವುದು. ಬಿಲ್ಲೆಯು ತಿರುಗುವಾಗ ಉಬ್ಬು ಬಂದಲ್ಲಿ ಅದಕ್ಕೆ ತಾಗಿದ ಸನ್ನೆಯು ಏಳುವುದು. ತಗ್ಗು ಬಂದಲ್ಲಿ ಇಳಿಯುವುದು. ಯಾವ ಕ್ಷಣದಲ್ಲಿ ಯಾವ ಭಾಗವು ಚಲಿಸಬೇಕೆಂಬುದನ್ನು ಯಂತ್ರಕಾರನು ಹೀಗೆ ಲೋಹದಲ್ಲಿಯೇ ಕೊರೆದಿಟ್ಟಿರುವನು. ಅಂಕುಡೊಂಕಿನ ಹೊಲಿಗೆ ಬೇಕಾದರೆ ಅದಕ್ಕೊಂದು ಕ್ಯಾಮ್. ಹೂಬಳ್ಳಿಯ ಅಂಚು ಬೇಕಾದರೆ ಇನ್ನೊಂದು. ಬಿಲ್ಲೆ ಸವೆದರೆ ಹೊಲಿಗೆಯೂ ಕೆಡುವುದು.

ಇಂಥ ಯಂತ್ರಕ್ಕೆ ಬಲವುಂಟು, ಕ್ರಮವೂ ಉಂಟು. ಅರಿವು ಮಾತ್ರ ಇಲ್ಲ. ಬಾಬಿನ್ನಿನಲ್ಲಿ ದಾರ ತೀರಿದರೂ ಅದು ತಿಳಿಯದೆ ಬಟ್ಟೆಯನ್ನು ಚುಚ್ಚುತ್ತಲೇ ಇರುವುದು. ಮಲ್ಲು ಬಟ್ಟೆಯೂ ದಪ್ಪನೆಯ ದುಪ್ಪಟಿಯೂ ಅದಕ್ಕೆ ಒಂದೇ. ಬೆರಳು ಅಡ್ಡ ಬಂದರೂ ನಿಲ್ಲದು.

ಕಣ್ಣು, ಮನಸ್ಸು, ಕೈ

ಈಗ ಯಂತ್ರವನ್ನು ಬಿಟ್ಟು ಅದರ ಮುಂದೆ ಕುಳಿತ ಹುಡುಗಿಯನ್ನು ನೋಡಿರಿ. ಆಕೆ ಸೂಜಿಗೆ ದಾರ ಪೋಣಿಸುತ್ತಿರುವಳು. ದಾರದ ತುದಿಯು ಸೂಜಿಯ ರಂಧ್ರದಿಂದ ಎಷ್ಟು ದೂರವಿದೆಯೆಂಬುದನ್ನು ಕಣ್ಣು ನೋಡುವುದು. ‘ಬಲಕ್ಕೆ ಹೆಚ್ಚಾಯಿತು, ತುಸು ಎಡಕ್ಕೆ’ ಎಂದು ಮನಸ್ಸು ನಿಶ್ಚಯಿಸುವುದು. ಕೈ ಅದರಂತೆ ಸರಿಯುವುದು. ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಸರಿದುದು ಸಾಲದೋ ಹೆಚ್ಚಾಯಿತೋ ಎಂಬುದನ್ನು ಕಣ್ಣು ಮತ್ತೆ ನೋಡಿ ಮನಸ್ಸಿಗೆ ತಿಳಿಸುವುದು. ಕೈ ಮತ್ತೆ ತಿದ್ದಿಕೊಳ್ಳುವುದು. ಕಣ್ಣುಮುಚ್ಚಿ ಪೋಣಿಸಿದರೆ ಎಂಥ ಸ್ಥಿರವಾದ ಕೈಯೂ ಸೋಲುವುದು. ಕಣ್ಣು ತೆರೆದಿದ್ದರೆ ನಡುಗುವ ಕೈಯೂ ಒಮ್ಮೆಯಲ್ಲದಿದ್ದರೆ ಇನ್ನೊಮ್ಮೆ ಗೆಲ್ಲುವುದು.

ಮಾಡಿದ ಕೆಲಸದ ಫಲವೇನಾಯಿತೆಂಬ ವರ್ತಮಾನವು ಹೀಗೆ ಮರಳಿ ಬಂದು ಮುಂದಿನ ಕೆಲಸವನ್ನು ತಿದ್ದುವುದಕ್ಕೆ ಇಂಜಿನಿಯರುಗಳು ಫೀಡ್‌ಬ್ಯಾಕ್ ಎಂಬ ಹೆಸರನ್ನು ಕೊಟ್ಟಿರುವರು. ಕಣ್ಣಿನ ಕೆಲಸವನ್ನು ಮಾಡುವ ಉಪಕರಣಕ್ಕೆ ಸೆನ್ಸರ್ ಎಂದು ಹೆಸರು. ಅದು ಶಾಖ, ವೇಗ, ಬೆಳಕು, ಒತ್ತಡ, ದೂರ ಮೊದಲಾದವುಗಳಲ್ಲಿ ಒಂದನ್ನು ಅಳೆದು ವಿದ್ಯುತ್ತಿನ ಸಂಜ್ಞೆಯನ್ನಾಗಿ ಮಾರ್ಪಡಿಸುವುದು. ಮನಸ್ಸಿನ ಸ್ಥಾನದಲ್ಲಿ ಲೆಕ್ಕಮಾಡುವ ಚಿಕ್ಕ ಕಂಪ್ಯೂಟರು ನಿಲ್ಲುವುದು. ಅದಕ್ಕೆ ಕಂಟ್ರೋಲರ್ ಎನ್ನುವರು. ಕೈಯ ಸ್ಥಾನದಲ್ಲಿ ಮೋಟಾರು, ವಾಲ್ವು ಮುಂತಾದ ಚಲಿಸುವ ಸಾಧನಗಳು ಇರುವುವು. ಈ ಮೂರನ್ನೂ ಯಂತ್ರದ ದೇಹದೊಡನೆ ಮೊದಲಿನಿಂದಲೇ ಒಂದಾಗಿ ಯೋಚಿಸಿ ರಚಿಸುವ ವಿದ್ಯೆಯೇ ಮೆಕಟ್ರಾನಿಕ್ಸ್. ಯಂತ್ರಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರಿನ ಕ್ರಮವಿಧಿ, ನಿಯಂತ್ರಣದ ಗಣಿತ ಎಂಬ ನಾಲ್ಕು ಹೊಳೆಗಳು ಕೂಡಿದ ಸಂಗಮವೆಂದು ಇದನ್ನು ಹೇಳಬಹುದು.

ಹೆಸರು ಹುಟ್ಟಿದ ಬಗೆ

ಯಂತ್ರವು ತನ್ನನ್ನು ತಾನೇ ತಿದ್ದಿಕೊಳ್ಳಬೇಕೆಂಬ ಯೋಚನೆಯು ಹೊಸದಲ್ಲ. ೧೭೮೮ರಲ್ಲಿ ಜೇಮ್ಸ್ ವಾಟ್ ಎಂಬವನು ತನ್ನ ಉಗಿಯಂತ್ರಕ್ಕೆ ಗವರ್ನರ್ ಎಂಬ ಸಾಧನವನ್ನು ಜೋಡಿಸಿದನು. ಯಂತ್ರದೊಡನೆ ತಿರುಗುವ ಎರಡು ಲೋಹದ ಗುಂಡುಗಳು ವೇಗ ಹೆಚ್ಚಿದಂತೆ ದೂರಕ್ಕೆ ಚಿಮ್ಮಿ ಮೇಲೇಳುವುವು. ಅವು ಮೇಲೆದ್ದಾಗ ಉಗಿಯ ದಾರಿ ಕಿರಿದಾಗಿ ವೇಗವು ತಗ್ಗುವುದು. ವೇಗವು ತಗ್ಗಿದರೆ ಗುಂಡುಗಳು ಇಳಿದು ದಾರಿ ಮತ್ತೆ ತೆರೆಯುವುದು. ಕಣ್ಣು, ಮನಸ್ಸು, ಕೈ ಮೂರೂ ಇಲ್ಲಿ ಉಂಟು. ಆದರೆ ಮೂರೂ ಲೋಹವೇ. ಆದುದರಿಂದ ಆ ಸಾಧನವು ಕಲಿತ ಪಾಠವು ಒಂದೇ. ಇನ್ನೊಂದು ಪಾಠವನ್ನು ಕಲಿಸಬೇಕಾದರೆ ಇನ್ನೊಂದು ಸಾಧನವನ್ನೇ ಮಾಡಬೇಕಾಗಿತ್ತು.

೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಎಂಬ ಚಿಕ್ಕ ವಸ್ತುವು ಕಂಡುಹಿಡಿಯಲ್ಪಟ್ಟ ಬಳಿಕ ಈ ಅಡಚಣೆಯು ಕ್ರಮೇಣ ನೀಗಿತು. ೧೯೬೯ರಲ್ಲಿ ಜಪಾನಿನಲ್ಲಿ ವಿದ್ಯುತ್ ಮೋಟಾರುಗಳನ್ನು ಮಾಡುತ್ತಿದ್ದ ಯಾಸ್ಕಾವಾ ಎಂಬ ಕಂಪೆನಿಯ ಇಂಜಿನಿಯರ್ ತೆತ್ಸುರೊ ಮೋರಿ ಎಂಬವರು ಮೆಕಾನಿಕಲ್, ಎಲೆಕ್ಟ್ರಾನಿಕ್ಸ್ ಎಂಬ ಎರಡು ಶಬ್ದಗಳನ್ನು ಬೆಸೆದು ಮೆಕಟ್ರಾನಿಕ್ಸ್ ಎಂಬ ಶಬ್ದವನ್ನು ರಚಿಸಿದರು. ಕಂಪೆನಿಯು ಅದನ್ನು ತನ್ನ ವ್ಯಾಪಾರದ ಹೆಸರನ್ನಾಗಿ ರಿಜಿಸ್ಟರು ಮಾಡಿಸಿಕೊಂಡಿತಾದರೂ ಮುಂದೆ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಹೆಸರು ಲೋಕದ ಸೊತ್ತಾಯಿತು. ೧೯೭೧ರಲ್ಲಿ ಇಂಟೆಲ್ ಕಂಪೆನಿಯು ಸುಮಾರು ೨೩೦೦ ಟ್ರಾನ್ಸಿಸ್ಟರುಗಳನ್ನು ಉಗುರಿಗಿಂತ ಚಿಕ್ಕದಾದ ಒಂದೇ ತುಣುಕಿನಲ್ಲಿ ಅಡಗಿಸಿದ ಮೈಕ್ರೋಪ್ರೊಸೆಸರನ್ನು ಮಾರಾಟಕ್ಕೆ ತಂದಿತು. ಲೆಕ್ಕಮಾಡುವ ಮನಸ್ಸನ್ನು ಒಂದು ಸಣ್ಣ ಯಂತ್ರದ ಹೊಟ್ಟೆಯಲ್ಲಿ ಇಡುವುದು ಆ ಬಳಿಕ ಸಾಧ್ಯವಾಯಿತು.

ಹೊಲಿಗೆಯ ಯಂತ್ರಕ್ಕೂ ಆ ಭಾಗ್ಯ ಬೇಗನೆ ಬಂದಿತು. ೧೯೭೫ರಲ್ಲಿ ಸಿಂಗರ್ ಕಂಪೆನಿಯು ಅಥೆನಾ ೨೦೦೦ ಎಂಬ ಎಲೆಕ್ಟ್ರಾನಿಕ್ ಯಂತ್ರವನ್ನು ಹೊರಡಿಸಿತು. ನಾನಾ ವಿಧದ ಹೊಲಿಗೆಗಳಿಗಾಗಿ ಬೇಕಾಗಿದ್ದ ನೂರಾರು ಲೋಹದ ಭಾಗಗಳ ಕೆಲಸವನ್ನು ಅದರಲ್ಲಿ ಎಲೆಕ್ಟ್ರಾನಿಕ್ ತುಣುಕು ವಹಿಸಿಕೊಂಡಿತು. ಇಂದಿನ ಇಂಥ ಯಂತ್ರಗಳಲ್ಲಿ ಹೂಬಳ್ಳಿಯ ಆಕಾರವು ಕ್ಯಾಮಿನ ಅಂಚಿನಲ್ಲಿಲ್ಲ. ಅಂಕೆಗಳ ಪಟ್ಟಿಯಾಗಿ ಜ್ಞಾಪಕದಲ್ಲಿದೆ. ‘ಈ ಹೊಲಿಗೆಗೆ ಸೂಜಿ ಇಷ್ಟು ಎಡಕ್ಕೆ, ಬಟ್ಟೆ ಇಷ್ಟು ಮುಂದಕ್ಕೆ’ ಎಂಬ ಅಂಕೆಯನ್ನು ಓದಿ ಕಂಟ್ರೋಲರು ಸ್ಟೆಪ್ಪರ್ ಮೋಟಾರುಗಳಿಗೆ ಅಪ್ಪಣೆ ಕೊಡುವುದು. ಸ್ಟೆಪ್ಪರ್ ಮೋಟಾರು ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದು. ಸಾಮಾನ್ಯವಾಗಿ ದೊರೆಯುವ ಒಂದು ಬಗೆಯಲ್ಲಿ ೨೦೦ ಹೆಜ್ಜೆಗಳಿಗೆ ಒಂದು ಸುತ್ತು ಮುಗಿಯುವುದು. ಮುಖ್ಯ ದಂಡದ ಮೇಲಿನ ಸೆನ್ಸರು ಸೂಜಿ ಎಲ್ಲಿದೆ, ಎಷ್ಟು ವೇಗವಾಗಿದೆ ಎಂಬುದನ್ನು ತಿಳಿಸುತ್ತಲೇ ಇರುವುದು. ದಪ್ಪ ಬಟ್ಟೆ ಬಂದು ವೇಗ ಕುಗ್ಗಿದರೆ ಮೋಟಾರಿಗೆ ಹೆಚ್ಚು ವಿದ್ಯುತ್ತು ಹರಿಯುವುದು. ನಿಧಾನವಾಗಿ ಹೊಲಿದರೂ ಸೂಜಿ ಬಲಗುಂದದೆ ಬಟ್ಟೆಯನ್ನು ತೂರುವುದು. ಹೊಸ ಹೊಲಿಗೆಯೊಂದು ಬೇಕಾದರೆ ಹೊಸ ಲೋಹ ಬೇಡ. ಹೊಸ ಅಂಕೆಗಳು ಸಾಕು.

ಇಂಜಿನಿಯರಿಂಗ್ ವಿದ್ಯೆಯಲ್ಲಿ ಇದರ ಸ್ಥಾನ

ಹಳೆಯ ಯಂತ್ರಕ್ಕೆ ಒಂದು ಮೋಟಾರನ್ನೂ ಒಂದು ಕಂಪ್ಯೂಟರನ್ನೂ ಕಟ್ಟಿದ ಮಾತ್ರಕ್ಕೆ ಅದು ಮೆಕಟ್ರಾನಿಕ್ಸ್ ಆಗದು. ಮೊದಲು ಒಬ್ಬ ಇಂಜಿನಿಯರನು ಯಂತ್ರದ ದೇಹವನ್ನು ಪೂರ್ತಿ ರಚಿಸುವುದು, ಬಳಿಕ ಇನ್ನೊಬ್ಬನು ತಂತಿಗಳನ್ನೆಳೆಯುವುದು, ಕೊನೆಗೆ ಮೂರನೆಯವನು ಕ್ರಮವಿಧಿ ಬರೆಯುವುದು ಪೂರ್ವದ ಪದ್ಧತಿಯಾಗಿತ್ತು. ಮೆಕಟ್ರಾನಿಕ್ಸ್ ಕಲಿತವನು ಆರಂಭದಲ್ಲಿಯೇ, ‘ಈ ಕೆಲಸವನ್ನು ಉಕ್ಕಿನಿಂದ ಮಾಡಿಸಲೋ, ಅಳೆದು ತಿದ್ದುವುದರಿಂದ ಮಾಡಿಸಲೋ?’ ಎಂದು ಕೇಳುವನು. ಅಳೆದು ತಿದ್ದುವ ಶಕ್ತಿಯಿದ್ದರೆ ಅನೇಕ ಕಡೆಗಳಲ್ಲಿ ಯಂತ್ರವು ಹಗುರವಾಗಬಹುದು, ಅಗ್ಗವಾಗಬಹುದು, ಸವೆದರೂ ತನ್ನ ಸವೆತವನ್ನು ತಾನೇ ಸರಿದೂಗಿಸಿಕೊಳ್ಳಬಹುದು.

ಇದಕ್ಕೆ ರಸ್ತೆಯ ಮೇಲಿನ ಒಂದು ದೃಷ್ಟಾಂತವನ್ನು ಕೊಡುವೆನು. ವೇಗವಾಗಿ ಓಡುವ ಗಾಡಿಗೆ ತಟ್ಟನೆ ಬ್ರೇಕನ್ನು ಬಲವಾಗಿ ಒತ್ತಿದರೆ ಚಕ್ರವು ಪೂರ್ತಿ ನಿಂತು, ಟಯರು ರಸ್ತೆಯ ಮೇಲೆ ಜಾರತೊಡಗುವುದು. ಜಾರುವ ಚಕ್ರವು ತಿರುಗಿಸಿದ ಕಡೆಗೆ ಹೋಗಲಾರದು. ಮಳೆಯಲ್ಲಿ ನೆನೆದ ರಸ್ತೆಯಾದರೆ ಅಪಾಯವು ಇನ್ನೂ ಹೆಚ್ಚು. ೧೯೭೮ರಲ್ಲಿ ಜರ್ಮನಿಯ ಬಾಷ್ ಕಂಪೆನಿಯು ಎ.ಬಿ.ಎಸ್. ಎಂಬ ಎಲೆಕ್ಟ್ರಾನಿಕ್ ಬ್ರೇಕಿನ ಏರ್ಪಾಡನ್ನು ಮರ್ಸಿಡಿಸ್ ಕಾರುಗಳಿಗಾಗಿ ತಂದಿತು. ಚಕ್ರದ ಬಳಿಯಿರುವ ಸೆನ್ಸರು ಅದರ ವೇಗವನ್ನು ಅಳೆಯುವುದು. ಚಕ್ರವು ಇನ್ನೇನು ನಿಂತೇಬಿಡುವುದೆಂದು ಕಂಡೊಡನೆ ಕಂಟ್ರೋಲರು ವಾಲ್ವಿನ ಮೂಲಕ ಬ್ರೇಕಿನ ಒತ್ತಡವನ್ನು ಸಡಿಲಿಸುವುದು. ಚಕ್ರ ತಿರುಗಿದೊಡನೆ ಮತ್ತೆ ಒತ್ತುವುದು. ಒಂದು ಸೆಕೆಂಡಿನಲ್ಲಿ ಹಲವು ಸಲ ಹೀಗೆ ನಡೆಯುವುದು. ಎಂಥ ನಿಪುಣನಾದ ಚಾಲಕನ ಕಾಲೂ ಇಷ್ಟು ಬೇಗ ಆಡಲಾರದು. ನಮ್ಮ ದೇಶದಲ್ಲಿ ೧೨೫ ಸಿ.ಸಿ.ಗಿಂತ ದೊಡ್ಡ ಎಂಜಿನಿನ ಹೊಸ ಮೋಟಾರು ಸೈಕಲುಗಳಿಗೆ ಈ ಏರ್ಪಾಡು ೨೦೧೯ರ ಏಪ್ರಿಲ್ ತಿಂಗಳಿಂದ ಕಡ್ಡಾಯವಾಯಿತು. ಮಗನೋ ಮಗಳೋ ಮಳೆಗಾಲದ ಸಂಜೆ ಮನೆಗೆ ಸುಖವಾಗಿ ಮುಟ್ಟಿದಾಗ, ಈ ವಿದ್ಯೆಯು ದಾರಿಯಲ್ಲಿ ಅವರ ಕೈಹಿಡಿದಿರಬಹುದೆಂದು ತಂದೆತಾಯಿಗಳು ತಿಳಿಯಬಹುದು.

ಹುಡುಕಹೊರಟರೆ ಈ ವಿದ್ಯೆಯು ನಮ್ಮ ಸುತ್ತಲೂ ಇದೆ. ನೀರಿನ ಮಟ್ಟವನ್ನು ತಾನೇ ಅರಿತು ನಲ್ಲಿಯನ್ನು ನಿಲ್ಲಿಸುವ ಬಟ್ಟೆ ಒಗೆಯುವ ಯಂತ್ರ, ಯಾರಾದರೂ ಅಡ್ಡ ಬಂದರೆ ಮುಚ್ಚದೆ ಹಿಂದೆ ಸರಿಯುವ ಲಿಫ್ಟಿನ ಬಾಗಿಲು, ಅಂಕೆಗಳ ಅಪ್ಪಣೆಯಂತೆ ಉಕ್ಕನ್ನು ಕೊರೆಯುವ ಕಾರ್ಖಾನೆಯ ಲೇತು, ಇವೆಲ್ಲವೂ ಒಂದೇ ಮನೆತನದವು.

ಅರಿವು ತಪ್ಪಿದಾಗ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. ಕಣ್ಣಿಲ್ಲದ ಯಂತ್ರವು ಏನನ್ನೂ ಕಾಣದು; ಕಣ್ಣುಳ್ಳ ಯಂತ್ರವು ಇಲ್ಲದುದನ್ನು ಕಾಣಬಹುದು. ಇದು ಹೊಸ ಬಗೆಯ ಅಪಾಯ.

ಬೋಯಿಂಗ್ ಕಂಪೆನಿಯ ೭೩೭ ಮ್ಯಾಕ್ಸ್ ಎಂಬ ವಿಮಾನದಲ್ಲಿ ದೊಡ್ಡ ಎಂಜಿನುಗಳನ್ನು ರೆಕ್ಕೆಯ ಮುಂಭಾಗಕ್ಕೆ ಜೋಡಿಸಿದುದರಿಂದ, ಕೆಲವು ಸಂದರ್ಭಗಳಲ್ಲಿ ಅದರ ಮೂತಿಯು ಮೇಲಕ್ಕೇಳುವ ಸ್ವಭಾವವನ್ನು ಪಡೆದಿತ್ತು. ಆಗ ಮೂತಿಯನ್ನು ತಾನಾಗಿ ಕೆಳಕ್ಕೆ ಒತ್ತುವ ಒಂದು ಏರ್ಪಾಡನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ಗಾಳಿಗೆ ಎದುರಾಗಿ ವಿಮಾನವು ಎಷ್ಟು ಓರೆಯಾಗಿದೆಯೆಂದು ಅಳೆಯುವ ಸೆನ್ಸರುಗಳು ವಿಮಾನದ ಎರಡು ಪಕ್ಕಗಳಲ್ಲಿಯೂ ಇದ್ದುವು. ಆದರೆ ಆ ಏರ್ಪಾಡು ಒಂದು ಸಲಕ್ಕೆ ಒಂದರ ಮಾತನ್ನು ಮಾತ್ರ ಕೇಳುತ್ತಿತ್ತು. ೨೦೧೮ರ ಅಕ್ಟೋಬರ್ ೨೯ರಂದು ಇಂಡೊನೇಷ್ಯದ ಜಕಾರ್ತದಿಂದ ಹೊರಟ ವಿಮಾನದಲ್ಲಿ ಆ ಒಂದು ಸೆನ್ಸರು ಸುಳ್ಳು ಹೇಳಿತು. ನೆಟ್ಟಗೆ ಹೋಗುತ್ತಿದ್ದ ವಿಮಾನದ ಮೂತಿಯನ್ನು ಕಂಪ್ಯೂಟರು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು. ಪೈಲಟುಗಳು ಮತ್ತೆ ಮತ್ತೆ ಮೇಲಕ್ಕೆತ್ತಿದರು. ಅಂಥ ಏರ್ಪಾಡೊಂದು ಇದೆಯೆಂಬುದನ್ನೇ ಅವರಿಗೆ ಕೊಟ್ಟ ಕೈಪಿಡಿಯು ತಿಳಿಸಿರಲಿಲ್ಲ. ವಿಮಾನವು ಸಮುದ್ರಕ್ಕೆ ಬಿದ್ದು ೧೮೯ ಮಂದಿ ಮಡಿದರು. ೨೦೧೯ರ ಮಾರ್ಚ್ ೧೦ರಂದು ಇಥಿಯೋಪಿಯದ ಅಡಿಸ್ ಅಬಾಬದಿಂದ ಹೊರಟ ಇನ್ನೊಂದು ವಿಮಾನಕ್ಕೂ ಇಂಥದೇ ಗತಿಯಾಗಿ ೧೫೭ ಮಂದಿ ಪ್ರಾಣ ಕಳೆದುಕೊಂಡರು. ಆಮೇಲೆ ಆ ಬಗೆಯ ವಿಮಾನಗಳ ಹಾರಾಟವನ್ನು ಲೋಕದಲ್ಲೆಲ್ಲ ನಿಲ್ಲಿಸಲಾಯಿತು. ಎರಡು ಸೆನ್ಸರುಗಳ ಮಾತನ್ನೂ ಹೋಲಿಸಿ ನೋಡುವಂತೆಯೂ, ಮತ್ತೆ ಮತ್ತೆ ಒತ್ತದಂತೆಯೂ, ಪೈಲಟಿನ ಕೈಯನ್ನು ಮೀರದಂತೆಯೂ ಏರ್ಪಾಡನ್ನು ತಿದ್ದಿದ ಬಳಿಕ ೨೦೨೦ರ ನವೆಂಬರಿನಲ್ಲಿ ಅಮೆರಿಕದ ಅಧಿಕಾರಿಗಳು ಹಾರಾಟಕ್ಕೆ ಅನುಮತಿಯಿತ್ತರು.

ಈ ದುಃಖದ ಕಥೆಯಿಂದ ನಾವು ತಿಳಿಯಬೇಕಾದುದೇನು? ರೆಕ್ಕೆ ಮುರಿಯಲಿಲ್ಲ, ಎಂಜಿನು ನಿಲ್ಲಲಿಲ್ಲ, ಕಂಪ್ಯೂಟರು ತನಗೆ ಹೇಳಿದ ಲೆಕ್ಕವನ್ನು ತಪ್ಪಿ ಮಾಡಲೂ ಇಲ್ಲ. ತಪ್ಪು ಇದ್ದುದು ಕಣ್ಣು, ಮನಸ್ಸು, ಕೈ ಇವು ಕೂಡುವ ಸಂದಿಯಲ್ಲಿ. ‘ಕಣ್ಣು ಸುಳ್ಳು ಹೇಳಿದರೆ ಕೈ ಏನು ಮಾಡುವುದು? ಆಗ ಯಂತ್ರದ ಮುಂದೆ ಕುಳಿತ ಮನುಷ್ಯನಿಗೆ ಏನು ಗೊತ್ತಿರಬೇಕು?’ ಎಂಬ ಪ್ರಶ್ನೆಯನ್ನು ಕೊನೆಯವರೆಗೂ ಹಿಂಬಾಲಿಸಬೇಕಾಗಿತ್ತು. ಒಂದೊಂದು ಶಾಖೆಯನ್ನು ಮಾತ್ರ ಬಲ್ಲವರು ತಮ್ಮ ತಮ್ಮ ಭಾಗ ಸರಿಯಿದೆಯೆಂದು ತೃಪ್ತರಾಗಬಹುದು. ಸಂದಿಯನ್ನು ಕಾಯುವವರು ಎಲ್ಲವನ್ನೂ ಅರಿತವರಾಗಿರಬೇಕು. ಮೆಕಟ್ರಾನಿಕ್ಸ್ ವಿದ್ಯೆಯ ಮುಖ್ಯ ಪ್ರಯೋಜನವು ಇದೇ ಎಂದು ನಾನು ಎಣಿಸುತ್ತೇನೆ.

ನಮ್ಮ ಹೆಣ್ಣುಮಕ್ಕಳೂ ಈ ವಿದ್ಯೆಯೂ

ಮತ್ತೆ ಹೊಲಿಗೆಯ ಯಂತ್ರಕ್ಕೆ ಬರೋಣ. ಬೆಂಗಳೂರಿನ ಸಿದ್ಧ ಉಡುಪುಗಳ ಕಾರ್ಖಾನೆಗಳಲ್ಲಿ ಹೊಲಿಯುವವರಲ್ಲಿ ಬಹು ಪಾಲು ಹೆಂಗಸರು. ಅಲ್ಲಿಯೂ ಯಂತ್ರಗಳು ಬದಲಾಗಿವೆ. ಹಳೆಯ ಮೋಟಾರು ಹೊಲಿಯದಿದ್ದಾಗಲೂ ಗುಂಯ್‌ಗುಡುತ್ತ ತಿರುಗುತ್ತಿತ್ತು; ಹೊಸ ಸರ್ವೋ ಮೋಟಾರು ಪೆಡಲನ್ನು ಒತ್ತಿದಾಗ ಮಾತ್ರ ತಿರುಗಿ ವಿದ್ಯುತ್ತನ್ನು ಉಳಿಸುವುದು; ಸೂಜಿಯನ್ನು ಬೇಕಾದಲ್ಲಿ ನಿಲ್ಲಿಸುವುದು. ದಾರವನ್ನು ತಾನೇ ಕತ್ತರಿಸುವ ಯಂತ್ರಗಳೂ ಇವೆ. ಅವುಗಳ ಮುಂದೆ ದಿನವೆಲ್ಲ ಕುಳಿತುಕೊಳ್ಳುವವರು ನಮ್ಮ ಹೆಣ್ಣುಮಕ್ಕಳು. ಅವುಗಳನ್ನು ಬಿಚ್ಚಬಲ್ಲವರೂ ರಚಿಸಬಲ್ಲವರೂ ಆಗಿ ಅವರಲ್ಲಿ ಎಷ್ಟು ಮಂದಿ ಇರುವರು? ಯಂತ್ರವು ಹೊಸ ಅರಿವನ್ನು ಪಡೆಯುತ್ತಿರುವಾಗ ಅದನ್ನು ನಡೆಸುವವಳು ಹಳೆಯ ಅರಿವಿನಲ್ಲಿಯೇ ಉಳಿದರೆ, ಮುಂದೆ ಯಂತ್ರಕ್ಕೆ ಅವಳು ಬೇಡವಾಗುವ ದಿನ ಬರಬಹುದು. ಯಂತ್ರವನ್ನು ಬಲ್ಲವಳಿಗೆ ಆ ಭಯವು ಕಡಿಮೆ.

ಇದು ಹೆಣ್ಣುಮಕ್ಕಳ ವಿದ್ಯೆಯಲ್ಲವೆಂದು ಹೇಳುವವರು ಇನ್ನೂ ಇದ್ದಾರೆ. ಅಂಥವರಿಗೆ ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರ ಹೆಸರನ್ನು ನೆನಪು ಮಾಡಿಕೊಡಬೇಕು. ಅವರು ಮೊದಲು ಓದಿದುದು ಗಣಿತ. ಅನಂತರ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಕಲಿತು ಡಾಕ್ಟರ್ ಪದವಿಯನ್ನು ಪಡೆದು, ೧೯೫೩ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸಾಯನ್ಸ್‌ನಲ್ಲಿ ಅಧ್ಯಾಪಕಿಯಾಗಿ ಸೇರಿ, ಮೈಕ್ರೋವೇವ್ ಶಾಸ್ತ್ರದಲ್ಲಿ ಅನೇಕ ಶಿಷ್ಯರನ್ನು ತಯಾರುಮಾಡಿದರು. ಒಂದು ಶಾಖೆಯಿಂದ ಇನ್ನೊಂದಕ್ಕೆ ಧೈರ್ಯವಾಗಿ ದಾಟಿದುದರಿಂದಲೇ ಅವರಿಗೆ ಅದು ಸಾಧ್ಯವಾಯಿತು. ಮೆಕಟ್ರಾನಿಕ್ಸ್ ಕಲಿಯುವವರಿಗೂ ಇದೇ ಗುಣ ಬೇಕು.

ತಂದೆತಾಯಿಗಳು ಕೇಳಬಹುದಾದ ಪ್ರಶ್ನೆಗೆ ಎರಡು ಮಾತು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿಯು ಪಾಲಿಟೆಕ್ನಿಕ್ ಮೊದಲಾದ ಸಂಸ್ಥೆಗಳಲ್ಲಿ ಡಿಪ್ಲೊಮಾ ಓದಬಹುದು. ನಮ್ಮ ರಾಜ್ಯದಲ್ಲಿ ಮೆಕಟ್ರಾನಿಕ್ಸ್ ಎಂಬ ಹೆಸರಿನ ಡಿಪ್ಲೊಮಾ ಪಾಠಕ್ರಮವೇ ಉಂಟು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಓದಿದವಳಿಗೆ ಇಂಜಿನಿಯರಿಂಗ್ ಕಾಲೇಜುಗಳ ಬಾಗಿಲು ತೆರೆದಿದೆ. ಅವುಗಳಲ್ಲಿ ಕೆಲವು ಈ ವಿದ್ಯೆಗೇ ಪದವಿ ಕೊಡುವುವು, ಇನ್ನು ಕೆಲವು ಯಂತ್ರಶಾಸ್ತ್ರದೊಳಗಣ ಒಂದು ವಿಷಯವಾಗಿ ಕಲಿಸುವುವು. ಯಾವ ದಾರಿಯನ್ನು ಹಿಡಿದರೂ ಗಣಿತವನ್ನು ಬಿಡಬಾರದು. ಕೈಕೆಲಸವನ್ನು ಕೀಳೆಂದು ತಿಳಿಯಬಾರದು.

ಕಾಲೇಜಿನವರೆಗೆ ಕಾಯಬೇಕಾದುದೂ ಇಲ್ಲ. ಅನೇಕ ಮನೆಗಳಲ್ಲಿ ಮೂಲೆ ಸೇರಿದ ಹಳೆಯ ಹೊಲಿಗೆಯ ಯಂತ್ರವೊಂದು ಇರುವುದು. ನಿಮ್ಮ ಮಗಳ ಕೈಗೆ ಒಂದು ಸ್ಕ್ರೂಡ್ರೈವರನ್ನು ಕೊಡಿರಿ. ಯಂತ್ರಕ್ಕೆ ಮೋಟಾರು ಇದ್ದರೆ ಮೊದಲು ವಿದ್ಯುತ್ತಿನ ತಂತಿಯನ್ನು ಕಳಚಿಸಿರಿ. ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಸೂಜಿ ಇಳಿಯುವಾಗ ಕೊಕ್ಕೆ ಎಲ್ಲಿರುವುದು, ಹಲ್ಲುಗಳು ಯಾವಾಗ ಏಳುವುವು ಎಂಬುದನ್ನು ಅವಳೇ ಕಂಡುಹಿಡಿಯಲಿ. ಒಂದೆರಡು ತಿರುಪುಗಳು ಕಳೆದುಹೋಗಬಹುದು, ಗದರಿಸಬೇಡಿರಿ. ನಾವು ಆ ಕೊಠಡಿಯಲ್ಲಿ ಕುಳಿತಿದ್ದಾಗ ಕೇಳಲು ತೋಚದೆ ಹೋದ ಪ್ರಶ್ನೆಯನ್ನು ಅವಳು ಕೇಳಿದರೆ ಅದೇ ದೊಡ್ಡ ಲಾಭ.